ಹಿಂದಿನ ಬಲಗಾಲಿಯ ಸಪ್ಪಳ

ಸೀಮೆಎಣ್ಣೆಗೂ ಚೀಟಿ ಹಿಡಿದು ನಿಲ್ಲಬೇಕಿದ್ದ ಯುದ್ಧದ ಕಾಲ ಅದು. ಬೆಲ್ಲದ ಬಾಗೇವಾಡಿಯ ನಮ್ಮ ಮನೆಯಲ್ಲಿ ಆಗ ಒಂದು ಹಳೆಯ ಮೋಟಾರು ಗಾಡಿ ಇತ್ತು. ನನ್ನ ಅಪ್ಪನ ತಮ್ಮ ಭರಮು ಕಾಕಾ ಕೊಲ್ಲಾಪುರದಿಂದ ಕೊಂಡುತಂದದ್ದು. ಓಡಿದ ದಿನಗಳಿಗಿಂತ ಅದು ಹತ್ತಿ ತುಂಬುವ ಕೋಣೆಯಲ್ಲಿ ಕೆಟ್ಟು ನಿಂತ ದಿನಗಳೇ ಹೆಚ್ಚು. ಹೀಗಾಗಿ ಆ ಗಾಡಿಯ ವಾಸನೆ ಎಂದರೆ ನನಗೆ ಇವತ್ತಿಗೂ ಅರಳೆ ಮತ್ತು ಎಣ್ಣೆ ಕೂಡಿದ ವಾಸನೆ.

ನನಗೆ ಒಂಬತ್ತು ವರ್ಷ. ಊರ ಅಗಸಿಬಾಗಿಲಾಚೆ ಬರುವ ಚಕ್ಕಡಿಯ ಸಪ್ಪಳ ಕೇಳಿಯೇ ಅದು ಯಾರ ಮನೆಯದೆಂದು ಹೇಳುವುದು ಕಾಕಾನ ಮತ್ತು ನನ್ನ ಆಟ. ಗೆದ್ದರೆ ಕಾಕಾ ಕಿಸೆಯಿಂದ ಪುಟಾಣಿ, ಬೆಲ್ಲ ತೆಗೆದು ಕೊಡುತ್ತಿದ್ದ. ಗೆಲ್ಲುತ್ತಿದ್ದವಳು ಯಾವಾಗಲೂ ನಾನೇ, ಅದರ ಸೊಕ್ಕೂ ಸಾಕಷ್ಟಿತ್ತು.

ಆ ವರ್ಷ ಮುಂಗಾರಿ ಸುಗ್ಗಿ ಮುಗಿದ ಮೇಲೆ ಗಾಡಿ ಹೊಸ ರಾಗ ತೆಗೆಯಿತು. ಬ್ರೇಕು ಒತ್ತಿದರೆ ಸಾಕು, ಕಾಳಿಲ್ಲದ ಬೀಸುಕಲ್ಲು ತಿರುವಿದಂತೆ ಕರ್ರ್ ಎನ್ನುತ್ತಿತ್ತು. ಕಾಕಾ ಒಂದೊಂದೇ ಗಾಲಿಯನ್ನು ಜಾಕಿನಿಂದ ಎತ್ತಿ ಕೈಯಿಂದ ತಿರುವಿದ. ನಾನು ಗಾಲಿಗೆ ಕಿವಿಗೊಟ್ಟು ಕೂತೆ. ಒಳಗೆ ಕೂತು ಬ್ರೇಕು ಒತ್ತಲು ಸಿಕ್ಕವನು ಕುರುಬರ ಸಿದ್ದಪ್ಪ. ಪ್ರತಿವರ್ಷ ಗೊಬ್ಬರಕ್ಕೆಂದು ನಮ್ಮ ಹೊಲದಲ್ಲಿ ಕುರಿಹಿಂಡು ತಂಗಿಸುತ್ತಿದ್ದವನು ಅವನೇ.

"ಸಾವಕಾಶ ಒತ್ತೋ ಸಿದ್ದಪ್ಪಾ."

"ಇಷ್ಟ ಒತ್ತಿದ್ರ ಇಷ್ಟ ದೊಡ್ಡ ಗಾಡಿ ನಿಂತಬಿಡತೈತೇನ್ರಿ ಸಾವಕಾರ?"

"ನಿಂತಬಿಡತೈತಿ."

"ಹಂಗಾರ ನನ್ನ ಟಗರಿಗೂ ಒಂದ ಹಚ್ಚಿಕೊಡ್ರಿ, ಯಾರ ಮಾತೂ ಕೇಳವಲ್ದು!"

ಮೂರು ಗಾಲಿಗಳು ಸುಮ್ಮನಿದ್ದವು. ಹಿಂದಿನ ಬಲಗಾಲಿ ಕರ್ರ್ ಎಂದಿತು. "ಇದ ಕಾಕಾ!" ಎಂದು ಕುಣಿದೆ. ಗಾಲಿ ಬಿಚ್ಚಿ ಡ್ರಮ್ಮು ಕಳಚಿದರೆ ಒಳಗೆ ಡ್ರಮ್ಮಿಗೆ ಒತ್ತಿಕೊಂಡು ಗಾಲಿ ನಿಲ್ಲಿಸುವ ಲೈನಿಂಗು ಪಟ್ಟಿ ಪೂರ್ತಿ ಸವೆದುಹೋಗಿತ್ತು. ಅದನ್ನು ಹಿಡಿದಿದ್ದ ರಿವೆಟ್ಟುಗಳ ತಲೆಗಳೇ ಡ್ರಮ್ಮನ್ನು ಕೆರೆದು ಗೆರೆ ಕೊರೆದಿದ್ದವು.

ಯುದ್ಧಕಾಲದಲ್ಲಿ ಹೊಸ ಲೈನಿಂಗು ಎಲ್ಲಿಂದ ಬರಬೇಕು? ಸಿದ್ದಪ್ಪನೇ ಹೇಳಿದ, "ಎಮ್ಮಿ ತೊಗಲ ಹಚ್ರಿ. ಬಾವಿ ನೀರ ಎತ್ತು ಮೋಟಕ್ಕ ಅದ ಬಾಳಿಕಿ ಬರತೈತಿ, ಇದಕ್ಕ ಬರಾಂಗಿಲ್ಲೇನು?"

ಕಾಕಾಗೂ ಅದು ಸರಿ ಕಂಡಿತು. ಆದರೆ ಆಯಿ, ನಮ್ಮ ಅಜ್ಜಿ, ಹೊಸ್ತಿಲಲ್ಲೇ ನಿಂತಿದ್ದಳು. ತೊಗಲಿನ ಚಪ್ಪಲಿಯನ್ನೂ ಮೆಟ್ಟದ ಜೈನರ ಹೆಂಗಸು. "ಬಸದಿಗೆ ಹೋಗು ಗಾಡಿಗೆ ಸತ್ತ ಎಮ್ಮಿ ತೊಗಲ? ನಾ ನಡಕೋತ ಹೋಗತೇನಿ ಭರಮೂ, ಅದನ್ನ ಮುಟ್ಟಬ್ಯಾಡ."

ಕಾಕಾ ತೊಗಲಿನ ವಿಚಾರ ಬಿಟ್ಟ. ಹತ್ತಿಯ ಜಿನ್ನಿಂಗ್ ಗಿರಣಿಯಿಂದ ಯಂತ್ರ ತಿರುಗಿಸುವ ಹಳೆಯ ಅರಿವೆಯ ಪಟ್ಟಾ ತಂದು, ಅಳತೆಗೆ ಕತ್ತರಿಸಿ, ತಾಮ್ರದ ರಿವೆಟ್ಟು ಬಡಿದು ಕೂಡಿಸಿದ. ಪಟ್ಟಾ ತೆಳುವಾಗಿದ್ದರಿಂದ ರಿವೆಟ್ಟಿನ ತಲೆ ಆಳಕ್ಕೆ ಇಳಿಯಲಿಲ್ಲ, ಪಟ್ಟಾ ತುಸು ಸವೆದರೂ ಅದು ಡ್ರಮ್ಮಿಗೆ ತಾಗುವಂತಿತ್ತು. ಸಪ್ಪಳವೇನೋ ನಿಂತಿತು. ಕಾಕಾ ನನ್ನ ಗದ್ದ ಹಿಡಿದು ಹೇಳಿದ, "ಸಪ್ಪಳ ತಿರಗಿ ಬಂತಂದ್ರ ಪಟ್ಟಾ ಮುಗೀತು ಅಂತ ಅರ್ಥ. ಆಮ್ಯಾಲ ಗಾಡಿ ಹೊರಗ ತಗ್ಯಾಂಗಿಲ್ಲ. ನೀನ ಕೇಳಿ ಹೇಳಬೇಕವಾ."

ಹದಿನೈದು ದಿನಗಳ ನಂತರ ಗೋಕಾಕ ಫಾಲ್ಸಿಗೆ ಹೋಗುವುದೆಂದಾಯಿತು. ನಾನು ಅದನ್ನು ನೋಡಿರಲಿಲ್ಲ. ಹೊಸ ಪರಕಾರ ಉಟ್ಟಿದ್ದೆ, ಬುತ್ತಿಗಂಟಿನಿಂದ ಶೇಂಗಾ ಹೋಳಿಗೆಯ ವಾಸನೆ ಬರುತ್ತಿತ್ತು. ಕಾಕಾ ಗಾಡಿಯನ್ನು ಅಂಗಳಕ್ಕೆ ತಂದು ಬ್ರೇಕು ಒತ್ತಿದ. ಕೇಳಿಸಿತು. ಕೂದಲೆಳೆಯಷ್ಟು ಸಣ್ಣಗೆ, ಹಿಂದಿನ ಬಲಗಾಲಿಯಲ್ಲೇ.

ಕಾಕಾ ಎಂಜಿನ್ನು ಬಂದ್ ಮಾಡಿ ನನ್ನತ್ತ ತಿರುಗಿದ. "ಏನರ ಕೇಳಿಸ್ತೇನ?"

"ಇಲ್ಲ ಕಾಕಾ."

ಒಂದು ಗಳಿಗೆ ನನ್ನ ಮುಖವನ್ನೇ ನೋಡಿ, ಮತ್ತೆ ಗಾಡಿ ಚಾಲೂ ಮಾಡಿದ.

ಫಾಲ್ಸು ನೋಡಿದೆ. ನೀರ ತುಂತುರಿಗೆ ಮುಖವೊಡ್ಡಿದೆ. "ಇನ್ನೊಂದ ಸಲ, ಇನ್ನೊಂದ ಸಲ" ಎಂದು ಹಟ ಹಿಡಿದು ತಡ ಮಾಡಿಸಿದವಳೂ ನಾನೇ. ಹೊತ್ತು ಮುಳುಗಿದ ಮೇಲೆ ಆಯಿ ತುತ್ತು ಮುಟ್ಟುವವಳಲ್ಲ. ದಾರಿಯುದ್ದಕ್ಕೂ ಪಡುವಣ ನೋಡುತ್ತ, "ಲಗೂನ ನಡಿ ಭರಮೂ, ಇಲ್ಲಂದ್ರ ನಾಳಿತನಕ ಉಪಾಸ" ಎನ್ನುತ್ತಿದ್ದಳು. ಕಾಕಾ ಗಾಡಿ ಓಡಿಸಿದ.

ಊರ ಸಮೀಪದ ಇಳಿಜಾರಿನಲ್ಲಿ ಸಿದ್ದಪ್ಪನ ಹಿಂಡು ರಸ್ತೆ ತುಂಬ ಬರುತ್ತಿತ್ತು. ನಮ್ಮ ಗಾಡಿಯ ಗುರುತು ಹಿಡಿದು ಅವನು ನಕ್ಕು ಕೈಯೆತ್ತಿದ. ರಸ್ತೆ ಬಿಟ್ಟು ಸರಿಯಲಿಲ್ಲ. ಒತ್ತಿದರೆ ನಿಲ್ಲುತ್ತದೆಂದು ಅವನಿಗೆ ಗೊತ್ತಿತ್ತಲ್ಲ, ಸ್ವತಃ ಒತ್ತಿ ನೋಡಿದ್ದ. ಕಾಕಾ ಬ್ರೇಕಿನ ಮೇಲೆ ಎದ್ದೇ ನಿಂತ. ಕರ್ರ್ ಎಂದಿತು, ಅರಿವೆ ಸುಟ್ಟ ವಾಸನೆ ಬಂತು, ಗಾಡಿ ನಿಲ್ಲಲಿಲ್ಲ.

ಎಷ್ಟು ಕುರಿ ಸತ್ತವೆಂದು ನಾನು ಎಣಿಸಲಿಲ್ಲ. ಆಯಿ ರಸ್ತೆಯಲ್ಲೇ ಕೂತು ಸಿದ್ದಪ್ಪನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಳು. ಅವಳ ಬಿಳಿ ಸೀರೆ ಕೆಂಪಾಗಿತ್ತು. ಸಿದ್ದಪ್ಪ ಬದುಕಿದ, ಆದರೆ ಎಡಗಾಲನ್ನು ಮೊಣಕಾಲಿನಿಂದ ತೆಗೆಯಬೇಕಾಯಿತು. "ನನ್ನ ಕೈಕೆಲಸದ ತಪ್ಪು" ಎಂದು ಕಾಕಾ ಊರ ಮುಂದೆ ಹೇಳಿದ. ಮತ್ತೆ ಗಾಡಿ ಮುಟ್ಟಲಿಲ್ಲ.

ಕುರಿಯ ಹಿಂದೆ ನಡೆಯಲಾರದ ಸಿದ್ದಪ್ಪ ಆಮೇಲೆ ನಮ್ಮ ಕಟ್ಟೆಯ ಮೇಲೆ ಉಣ್ಣೆ ನೂಲುತ್ತ ಕೂರುತ್ತಿದ್ದ. ನನ್ನನ್ನು ಕಂಡರೆ, "ತಂಗೀ, ಈಗ ಬಂದ ಚಕ್ಕಡಿ ಯಾರದ ಹೇಳು?" ಎನ್ನುತ್ತಿದ್ದ. ನಾನು ಹಿತ್ತಲ ಬಾಗಿಲಿನಿಂದ ಓಡಾಡುವುದನ್ನು ಕಲಿತೆ.

ಮದುವೆಯಾಗಿ ಹುಕ್ಕೇರಿಗೆ ಹೊರಡುವ ಹಿಂದಿನ ದಿನ ಕಾಕಾನ ಮುಂದೆ ಬಾಯಿಬಿಟ್ಟೆ. "ಅವತ್ತ ನನಗ ಕೇಳಿಸಿತ್ತು ಕಾಕಾ."

ಕಾಕಾ ಅರಳೆಯಲ್ಲಿನ ಕಸ ಆರಿಸುತ್ತಿದ್ದ. ಕೈ ನಿಲ್ಲಿಸದೆ ಹೇಳಿದ, "ನನಗೂ ಕೇಳಿಸಿತ್ತವಾ. ನೀ ಇಲ್ಲ ಅಂದಿ. ನನ್ನ ಕಿವೀನ ಸುಳ್ಳ ಹೇಳತೈತಿ ಅಂತ ತಿಳಕೊಂಡ್ನಿ."

ಗಾಡಿ ಗುಜರಿಗೆ ಹೋಯಿತು. ಆಯಿ, ಸಿದ್ದಪ್ಪ, ಕಾಕಾ ಎಲ್ಲರೂ ಹೋದರು. ಈಗ ರಸ್ತೆಯಲ್ಲಿ ಯಾವ ಗಾಡಿ ಬ್ರೇಕು ಒತ್ತಿದರೂ ನಾನು ಉಸಿರು ಹಿಡಿದು ಹಿಂದಿನ ಬಲಗಾಲಿಯನ್ನು ಕೇಳುತ್ತೇನೆ. ತನ್ನ ಕಿವಿಗಿಂತ ನನ್ನ ಮಾತನ್ನು ಹೆಚ್ಚು ನಂಬಿದವನು ನನ್ನ ಬಾಳಿನಲ್ಲಿ ಅವನೊಬ್ಬನೇ.