ಮೆಣಸಿನ ಹೊಲದಲ್ಲಿ ಕುಡಿದ ನೀರು

ಹಾವೇರಿಯಲ್ಲಿ ಪರಿಸರ ವಿಜ್ಞಾನ ಓದುತ್ತಿದ್ದಾಗ ನಾನು ಆರಿಸಿಕೊಂಡ ಪ್ರಾಜೆಕ್ಟ್ ತೀರಾ ಸರಳವಾಗಿತ್ತು. ಬೆಳೆಗೆ ಹೊಡೆಯುವ ಕೀಟನಾಶಕದ ಖಾಲಿ ಡಬ್ಬಿಗಳು ಕೊನೆಗೆ ಎಲ್ಲಿ ಸೇರುತ್ತವೆ ಎಂದು ಹುಡುಕುವುದು. ಬದುವಿನಲ್ಲೋ ಹಳ್ಳದಲ್ಲೋ ಬಿದ್ದಿರುತ್ತವೆ, ಫೋಟೊ ತೆಗೆದುಕೊಂಡು ಬಂದರಾಯಿತು ಎಂದುಕೊಂಡು ಗೆಳತಿಯೊಬ್ಬಳ ಜೊತೆ ಕಾಗಿನೆಲೆ ಬಸ್ಸು ಹತ್ತಿದೆ.

ಹೊಲಗಳ ಬದುವಿನಲ್ಲಿ ಪುಡಿ ತುಂಬಿ ಬರುವ ಪಾಕೀಟುಗಳು ಸಿಕ್ಕವು, ಒಡೆದ ಬಾಟಲಿಗಳು ಸಿಕ್ಕವು. ಐದು ಲೀಟರಿನ ದೊಡ್ಡ ಕ್ಯಾನು ಮಾತ್ರ ಎಲ್ಲೂ ಕಾಣಲಿಲ್ಲ. ಬಿಸಿಲು ನೆತ್ತಿಗೇರಿತ್ತು. ಒಂದು ಹೊಲದಲ್ಲಿ ಹೆಂಗಸರು ಹಣ್ಣು ಮೆಣಸಿನಕಾಯಿ ಬಿಡಿಸುತ್ತಿದ್ದರು. ಅವರಲ್ಲಿ ಹಿರಿಯಳೊಬ್ಬಳು ನಮ್ಮನ್ನು ಕರೆದು, ಬೇವಿನ ಗಿಡಕ್ಕೆ ತೂಗುಹಾಕಿದ್ದ ಕ್ಯಾನು ಇಳಿಸಿ ನನ್ನ ಬೊಗಸೆಗೆ ನೀರು ಹಾಕಿದಳು. ತಣ್ಣಗಿತ್ತು. ಹೊಟ್ಟೆ ತುಂಬ ಕುಡಿದೆ. ಬಾಯಿ ಒರೆಸಿಕೊಳ್ಳುತ್ತಾ ತಲೆ ಎತ್ತಿದರೆ ಕ್ಯಾನಿನ ಮಗ್ಗುಲಲ್ಲಿ ಅರ್ಧ ಕಿತ್ತುಹೋದ ಚೀಟಿ. ಅದರ ಮೇಲೆ ಕೆಂಪು ಗುರುತು, ತಲೆಬುರುಡೆ.

"ಯವ್ವಾ, ಇದು ಎಣ್ಣಿ ಕ್ಯಾನ್ ಅಲ್ಲೇನ್ರಿ?" ಎಂದೆ. ನಮ್ಮ ಕಡೆ ಕೀಟನಾಶಕಕ್ಕೂ ಎಣ್ಣಿ ಅಂತಲೇ ಹೆಸರು.

"ಹೌದವಾ. ಭಾಳ ಗಟ್ಟಿ ಅದಾವ ಇವು. ಬೂದಿ ಹಾಕಿ, ಹುಣಸಿಹಣ್ಣು ಹಾಕಿ ತಿಕ್ಕೇನಿ. ಮೂಸಿ ನೋಡ, ವಾಸನಿ ಐತೇನು?"

ಸುತ್ತ ನೋಡಿದೆ. ಸಾಲಿನ ಆ ತುದಿಯಲ್ಲಿ ಇನ್ನೊಂದು ಕ್ಯಾನು, ಪಕ್ಕದ ಹೊಲದಲ್ಲಿ ಮತ್ತೊಂದು. ನಾನು ಹುಡುಕುತ್ತಿದ್ದವೆಲ್ಲ ಇಲ್ಲೇ ಇದ್ದವು, ನೀರು ತುಂಬಿಕೊಂಡು.

"ಮಾರಿ ಯಾಕ ಹಂಗ ಮಾಡ್ಕೊಂಡಿ ತಂಗಿ? ನಾವೂ ಇದನ್ನ ಕುಡೀತೀವಿ, ನಮಗೇನಾಗೇತಿ?" ಎಂದು ಅವಳು ನಕ್ಕಳು.

ಗೆಳತಿ ನಮ್ಮ ಮೇಷ್ಟ್ರಿಗೆ ಫೋನ್ ಹಚ್ಚಿದಳು. "ಪ್ಲಾಸ್ಟಿಕ್ ವಿಷಾ ಹೀರಿಕೊಂಡಿರ್ತದ. ಎಷ್ಟ ತೊಳದ್ರೂ ಪೂರ್ತಿ ಹೋಗೂದಿಲ್ಲ. ಸಂಕಟ ಆದ್ರ ಸೀದಾ ದವಾಖಾನಿಗೆ ಹೋಗ್ರಿ," ಎಂದರು ಅವರು. ನನಗೇನೂ ಆಗಲಿಲ್ಲ. ಆದರೂ ಬಸ್ಸಿನಲ್ಲಿ ದಾರಿಯುದ್ದಕ್ಕೂ ಹೊಟ್ಟೆ ಮುಟ್ಟಿಕೊಂಡೇ ಕೂತಿದ್ದೆ.

ಅಗಡಿಯ ನಮ್ಮ ಮನೆಗೆ ಬಂದು ಅವ್ವನಿಗೆ ಎಲ್ಲ ಹೇಳಿದೆ. ರೊಟ್ಟಿ ಬಡಿಯುತ್ತಿದ್ದ ಅವಳ ಕೈ ನಿಂತುಬಿಟ್ಟಿತು.

"ನೀ ಸಣ್ಣಾಕಿ ಇದ್ದಾಗ ಸಾಲಿಗೆ ಒಂದು ಹಸರ ಬಾಟ್ಲಿ ಒಯ್ತಿದ್ದೆಲ್ಲಾ..." ಎಂದಳು.

ನೆನಪಿತ್ತು. ಮಗ್ಗುಲಲ್ಲಿ ಅಳತೆಯ ಗೆರೆಗಳಿದ್ದ ಬಾಟಲಿ. ಅಂಥದು ಶಾಲೆಯಲ್ಲಿ ಬೇರೆ ಯಾರ ಹತ್ತಿರವೂ ಇಲ್ಲವೆಂದು ಮೆರೆಯುತ್ತಿದ್ದೆ.

"ಅದೂ ಎಣ್ಣಿದ ಆಗಿತ್ತವಾ. ನಮಗ ಗೊತ್ತಾಗಲಿಲ್ಲ."

ನಾನು ಗೋಡೆಗೆ ಆತು ಕೂತೆ. ಎಷ್ಟೋ ವರ್ಷ ಅದರಲ್ಲೇ ನೀರು ಕುಡಿದಿದ್ದೆ. ಬಾಗಿಲಲ್ಲಿ ನಿಂತು ಕೇಳುತ್ತಿದ್ದ ಅಪ್ಪ ಅಡುಗೆಮನೆಗೆ ಹೋಗಿ, ಗಾಣದಿಂದ ತಂದ ಶೇಂಗಾ ಎಣ್ಣೆ ತುಂಬಿಟ್ಟಿದ್ದ ಕ್ಯಾನು ಎತ್ತಿಕೊಂಡು ಬಂದ. ಆ ಕ್ಯಾನೂ ಕೀಟನಾಶಕ ಖಾಲಿಯಾದ ಮೇಲೆ ಹೊಲದಿಂದ ಬಂದದ್ದೇ. ಹಿತ್ತಲಲ್ಲಿ ಗುಂಡಿ ತೆಗೆದು ಎಣ್ಣೆಯನ್ನೆಲ್ಲ ಸುರಿದ. ಅದು ಮಣ್ಣಿಗೆ ಇಳಿಯುವುದನ್ನು ಅವ್ವ ಸೆರಗು ಬಾಯಿಗಿಟ್ಟುಕೊಂಡು ನೋಡಿದಳು. ಅಪ್ಪ ಕುಡಗೋಲಿನಿಂದ ಕ್ಯಾನಿನ ತಳ ಸೀಳಿದ.

ಮುಂದಿನ ವಾರ ಕಾಲೇಜಿನ ಹುಡುಗ ಹುಡುಗಿಯರೆಲ್ಲ ಆ ಹೊಲದ ಊರಿಗೆ ಹೋದೆವು. ಮನೆಮನೆಗೂ ಹೇಳಿ ಸಾಕಾದರೂ ಯಾರೂ ಕ್ಯಾನು ಕೊಡಲಿಲ್ಲ. ಹಟ ಮಾಡಿ ನನ್ನ ಜೊತೆ ಬಂದಿದ್ದ ಅವ್ವ ಕೊನೆಗೆ ಕಟ್ಟೆಯ ಮೇಲೆ ಕೂತಿದ್ದ ಹೆಂಗಸರ ನಡುವೆ ಹೋಗಿ ಕೂತಳು. "ನನ್ನ ಮಗಳಿಗೆ ನಾನ ಕೈಯಾರೆ ತುಂಬಿಕೊಟ್ಟೇನ್ರೆವಾ," ಎಂದು ಶುರು ಮಾಡಿ ಹಸಿರು ಬಾಟಲಿಯ ಸಂಗತಿ ಹೇಳಿದಳು. ಒಬ್ಬಳು ಎದ್ದು ಮನೆಗೆ ಹೋದಳು. ಆಮೇಲೆ ಮತ್ತೊಬ್ಬಳು. ಕ್ಯಾನುಗಳು ಹೊರಗೆ ಬರತೊಡಗಿದವು. ಮಜ್ಜಿಗೆಯ ವಾಸನೆ ಬಡಿಯುವವು, ಬೆಲ್ಲ ಅಂಟಿದವು, ಹಾಲಿನ ಜಿಡ್ಡಿನವು.

ಕೊಡದವರೂ ಇದ್ದರು. ಕೊಟ್ಟವುಗಳಿಗೆ ನಾವು ಸಂಜೆಯವರೆಗೂ ಮೊಳೆ ಬಡಿದು ತೂತು ಹಾಕಿದೆವು. ಬಸ್ಸು ಬಂತೆಂದು ಕರೆದರೂ ಅವ್ವ ಏಳಲಿಲ್ಲ. "ತಡಿ, ಇನ್ನೂ ಅದಾವ," ಎಂದು ಸುತ್ತಿಗೆ ಎತ್ತಿದಳು.