ಎಲೆಯ ತುದಿಯಲ್ಲಿ ಮದುವೆಯ ಕೇಕು

"ಮೇಡಂ, ಕೇಕು ವೆಜ್ಜಾ, ನಾನ್‌ವೆಜ್ಜಾ?"

ನಾವು ದೇವನಹಳ್ಳಿಗೆ ಬಂದ ವರ್ಷ ಇಲ್ಲಿನ ಕೇಕಿನ ಅಂಗಡಿಯ ಹುಡುಗಿ ಹೀಗೆ ಕೇಳಿದಾಗ, ಬೇರೆ ಯಾರನ್ನೋ ಕೇಳುತ್ತಿದ್ದಾಳೆಂದು ನಾನು ಹಿಂದೆ ತಿರುಗಿ ನೋಡಿದೆ. ಮಂಗಳೂರಿನಲ್ಲಿ ಹುಟ್ಟಿ ಬೆಳೆದ ನಾನು ಕೇಕಿಗೆ ಕೋಳಿ ಹಾಕುತ್ತಾರೆಂದು ಕೇಳಿರಲಿಲ್ಲ. ಆಮೇಲೆ ತಿಳಿಯಿತು, ಮೊಟ್ಟೆ ಹಾಕಿದರೆ ನಾನ್‌ವೆಜ್ ಅಂತೆ. ಮೊಟ್ಟೆ ಇಲ್ಲದೆ ಕೇಕು ಹೇಗಾಗುತ್ತದೆಂದು ಯಾರೂ ಯೋಚಿಸಿದ ಹಾಗಿರಲಿಲ್ಲ.

ಇಲ್ಲಿ ವಿಮಾನಗಳು ಇಳಿಯತೊಡಗಿದ ಹೊಸದರಲ್ಲಿ ನನ್ನ ಗಂಡನಿಗೆ ನಿಲ್ದಾಣದ ಅಡುಗೆಮನೆಯಲ್ಲಿ ಕೆಲಸ ಸಿಕ್ಕಿ ನಾವು ಬಂದೆವು. ಊರಿನಲ್ಲಿರುವ ನೀವೆಲ್ಲ ನಂಬಬೇಕು, ನಾನು ಬಹಳ ಸಹಿಸಿದ್ದೇನೆ. ಮೀನು ಹುರಿದ ದಿನ ಮನೆ ಮಾಲೀಕರು ಅಗರಬತ್ತಿ ಹಚ್ಚಿಕೊಂಡು ಮೆಟ್ಟಿಲ ಮೇಲೆ ಕೂರುತ್ತಿದ್ದರು. ನಾನು "ಎಂತ" ಎಂದರೆ ಸಾಕು, ತರಕಾರಿಯವಳು ಪಕ್ಕದವಳನ್ನು ಕರೆದು ನಗುತ್ತಿದ್ದಳು. ಅಲ್ಲಿ ಕುಚ್ಚಲಕ್ಕಿ ಗಂಜಿ ಕುಡಿದವಳು ಇಲ್ಲಿ ಮುದ್ದೆಯನ್ನು ಅಗಿಯದೆ ನುಂಗಲು ಕಲಿತೆ. ಆದರೆ ಕೇಕಿನ ವಿಷಯದಲ್ಲಿ ನನ್ನ ತಾಳ್ಮೆ ಮುಗಿಯಿತು.

ನಮ್ಮ ಕಡೆ ಮದುವೆಯ ಕೇಕೆಂದರೆ ಏನೆಂದು ನಿಮಗೆ ಹೇಳಬೇಕಿಲ್ಲ. ತಿಂಗಳುಗಟ್ಟಲೆ ರಮ್ಮಿನಲ್ಲಿ ನೆನೆದ ಒಣಹಣ್ಣು, ಸಕ್ಕರೆ ಪಾಕದ ಕಿತ್ತಳೆ ಸಿಪ್ಪೆ, ಮೇಲೆ ಅರೆದ ಗೋಡಂಬಿಯ ಹೊದಿಕೆ, ಅದರ ಮೇಲೆ ಗಟ್ಟಿ ಬಿಳಿ ಐಸಿಂಗ್. ನನ್ನ ಮದುವೆಗೂ ಅಕ್ಕ ಲಿಲ್ಲಿಯ ಮದುವೆಗೂ ಅಮ್ಮನೇ ಮಾಡಿದ್ದರು. ಈಗ ನನ್ನ ಮಗಳು ಶರಲ್‌ಳ ಸರದಿ. ಹುಡುಗ ಮಂಜುನಾಥ ಅವಳ ಜೊತೆಯೇ ನಿಲ್ದಾಣದಲ್ಲಿ ಕೆಲಸ ಮಾಡುವವನು, ಇಲ್ಲೇ ಪಕ್ಕದ ಹಳ್ಳಿಯ ದ್ರಾಕ್ಷಿ ತೋಟದ ಮನೆಯವನು. ಮೊದಲು ಇಗರ್ಜಿಯಲ್ಲಿ ಪಾದ್ರಿಗಳ ಆಶೀರ್ವಾದ ಮಾತ್ರ, ಮರುದಿನ ಛತ್ರದಲ್ಲಿ ಮುಹೂರ್ತ ಎಂದು ಮಾತಾಗಿತ್ತು. ಛತ್ರದಲ್ಲಿ ಸೀರೆ, ಓಲಗ, ಊಟ ಎಲ್ಲವೂ ಅವರ ಪದ್ಧತಿ. ನನ್ನದೆಂದು ಉಳಿದಿದ್ದು ಕೇಕು ಒಂದೇ.

ಅದಕ್ಕೂ ಹುಡುಗನ ತಾಯಿ ಜಯಮ್ಮ ತಡೆ ಹಾಕಿದರು.

"ಮುಹೂರ್ತದ ದಿನ ಛತ್ರದೊಳಕ್ಕೆ ಮೊಟ್ಟೆ ತರಂಗಿಲ್ಲ ಅಕ್ಕ."

ಇದೇ ಜಯಮ್ಮನ ಮನೆಯಲ್ಲಿ ನಾನು ನಾಟಿಕೋಳಿ ಸಾರು ಉಂಡು ಬಂದಿದ್ದೆ. ಮೈಯೆಲ್ಲ ಉರಿಯಿತು.

"ಕೋಳಿ ಆಗ್ತದೆ, ಅದರ ಮೊಟ್ಟೆ ಆಗುದಿಲ್ವಾ? ಇದೆಂತ ನ್ಯಾಯ ಜಯಮ್ಮನವರೇ?"

"ತಿನ್ನಕ್ಕೊಂದಿನ, ತಾಳಿ ಕಟ್ಟಕ್ಕೊಂದಿನ. ನಿಮ್ಮ ಕೇಕು ಬೀಗರೂಟಕ್ಕೆ ನೋಡ್ಕೊಳಣ ಬಿಡಿ."

ಬೀಗರೂಟ ಎಂದರೆ ಮದುವೆಯ ದಿನ ಬೀಗರಿಗೆ ಹಾಕುವ ಪಂಕ್ತಿ ಎಂದುಕೊಂಡೆ. ಒಂದೇ ಉಸಿರಿನಲ್ಲಿ ಬೇಡವೆಂದು, ಮತ್ತೆ ನೋಡೋಣವೆಂದು ಸಾಗಹಾಕುತ್ತಿದ್ದಾರೆ ಅನ್ನಿಸಿತು. ನಮ್ಮನ್ನು ಮನೆಗೆ ಸೇರಿಸುತ್ತಾರೆ, ನಮ್ಮದೇನನ್ನೂ ಸೇರಿಸುವುದಿಲ್ಲ ಎಂದು ರಾತ್ರಿ ಗಂಡನ ಮುಂದೆ ಅತ್ತೆ.

ಹಾಗಾಗಿ ಮುಹೂರ್ತಕ್ಕೆ ಮೊಟ್ಟೆಯಿಲ್ಲದ್ದನ್ನು ಆರಿಸಲು ಅದೇ ಅಂಗಡಿಗೆ ಮತ್ತೆ ಹೋದೆ. ಜಯಮ್ಮನೂ ಜೊತೆಗೆ ಬಂದಿದ್ದರು. ಅಲ್ಲಿನ ಹುಡುಗಿ ಪೈನಾಪಲ್, ಬಟರ್‌ಸ್ಕಾಚ್, ರೆಡ್ ವೆಲ್ವೆಟ್ ತುಂಡುಗಳನ್ನು ಮುಂದಿಟ್ಟು, ಮೇಲೆ ವಿಪ್ಡ್ ಕ್ರೀಮಾ, ಬಟರ್ ಕ್ರೀಮಾ ಎಂದು ಚಮಚ ಕೊಟ್ಟಳು. ಜಯಮ್ಮ ಎಲ್ಲವನ್ನೂ ಶ್ರದ್ಧೆಯಿಂದ ನೆಕ್ಕಿದರು.

"ಇದು ಗಡ್ಡಕ್ಕೆ ಹಚ್ಕೊಳೋ ನೊರೆ ಇದ್ದಂಗೈತೆ. ನಿಮಗೆ ಯಾವ್ದಿಷ್ಟ?"

"ಯಾವುದಾದರೂ ಆಗ್ತದೆ" ಎಂದೆ, ಮುಖ ತಿರುಗಿಸಿಕೊಂಡು.

"ಯಾವ್ದಾದ್ರೂ ಅಂದ್ರೆ? ಮಗಳ ಮದ್ವೆ ಅಲ್ವಾ? ಅದಿರ್ಲಿ, ನೀವ್ಯಾವಾಗ ಕೇಕು ಶುರು ಮಾಡೋದು? ಸಿಪ್ಪೆ ಬೇಕು ಅಂತಿದ್ರಲ್ಲ, ಹಿತ್ತಲಲ್ಲಿ ಚಕ್ಕೋತ ಹಣ್ಣಾಗೈತೆ."

ಅಲ್ಲೇ, ಚಮಚ ಹಿಡಿದುಕೊಂಡೇ, ಅವರು ವಿವರಿಸಿದರು. ಮದುವೆಯ ಊಟದಲ್ಲಿ ಮಾಂಸ, ಮೊಟ್ಟೆ ಇಲ್ಲ. ಅದು ಮುಗಿದ ಮೇಲೆ ಬೇರೊಂದು ದಿನ ಗಂಡಿನ ಮನೆಯವರು ಹೆಣ್ಣಿನ ಕಡೆಯವರನ್ನು ಕರೆದು ಮಟನ್ ಊಟ ಹಾಕುತ್ತಾರೆ, ಅದೇ ಬೀಗರೂಟ.

"ಇದನ್ನು ಮೊದಲೇ ಹೇಳ್ಬಾರದಿತ್ತಾ?"

"ಹೇಳಿದ್ನಲ್ಲ. ನೀವು ಕೇಳಿಸ್ಕೊಂಡ್ರಾ?"

ಸಿಟ್ಟು ಇಳಿಯಲಿಲ್ಲ, ಎಲ್ಲಿಡಬೇಕೆಂದು ತಿಳಿಯಲಿಲ್ಲ ಅಷ್ಟೆ. ಮುಹೂರ್ತಕ್ಕೆ ಪೈನಾಪಲ್ ಹೇಳಿ ಬಂದೆವು. ಮನೆಯಲ್ಲಿ ಚಕ್ಕೋತದ ಸಿಪ್ಪೆಯ ಕಹಿ ಹೋಗುವವರೆಗೆ ಕುದಿಸಿ, ಪಾಕದಲ್ಲಿ ಹಾಕಿದೆ.

ಬೀಗರೂಟದ ದಿನ ಶಾಮಿಯಾನದಡಿ ನನ್ನ ಮೂರು ಅಂತಸ್ತಿನ ಬಿಳಿ ಕೇಕು ನಿಂತಿತ್ತು. ನಮ್ಮಲ್ಲಿಯ ಹಾಗೆ ತುಂಡುಗಳನ್ನು ಕಾಗದದಲ್ಲಿ ಸುತ್ತಿ ಕೈಗೆ ಕೊಡಬೇಕೆಂದಿದ್ದೆ. ಮದುಮಕ್ಕಳು ಕತ್ತರಿಸಿದ ಮೇಲೆ ನಾನು ಕಾಗದ ತರುವಷ್ಟರಲ್ಲಿ ಬಡಿಸುವವರು ಅದನ್ನು ಪಂಕ್ತಿಗೆ ಒಯ್ದಾಗಿತ್ತು. ಎಲೆಯ ತುದಿಯಲ್ಲಿ, ಈರುಳ್ಳಿಯ ಪಕ್ಕ, ಅಮ್ಮನ ಕೇಕು. ಮಂಜುನಾಥನ ದೊಡ್ಡಪ್ಪ ಮುದ್ದೆ ಮುರಿದಂತೆ ಅದನ್ನೂ ಮುರಿದು ಮಟನ್ ಸಾರಿಗೆ ಅದ್ದಿದರು. ಇದನ್ನು ನೋಡಲು ನಾನು ಗೋಡಂಬಿ ಅರೆದೆನೇ ಎಂದು ಕಣ್ಣಲ್ಲಿ ನೀರು ಬಂತು. ಅವರು ನನ್ನನ್ನೇ ಬಡಿಸುವವಳೆಂದು ತಿಳಿದು, "ಏನಮ್ಮ, ಕೇಕು ಇನ್ನೊಂದ್ಸಲ ಬರ್ಲಿ" ಎಂದರು. ನಾನು ಬಡಿಸಿದೆ.

ಮುಹೂರ್ತ ಮುಗಿಸಿ ಊರಿಗೆ ಹೋಗಿದ್ದ ಲಿಲ್ಲಿಗೆ ಸಂಜೆ ಫೋಟೊ ಕಳಿಸಿದೆ. ತಕ್ಷಣ ಫೋನ್ ಬಂತು.

ಅವಳು ಕೊಂಕಣಿಯಲ್ಲಿ ಒಂದೇ ಸಮನೆ ಬೈದಳು. ಮಾಂಸದ ಪಕ್ಕದಲ್ಲಾ, ಅಮ್ಮ ಇದ್ದಿದ್ದರೆ ಏನನ್ನುತ್ತಿದ್ದರು, ಆ ಜನರಿಗೆ ಕೇಕು ತಿನ್ನುವ ರೀತಿಯಾದರೂ ಗೊತ್ತುಂಟಾ? ಮಧ್ಯಾಹ್ನ ನಾನೇ ಮನಸ್ಸಿನಲ್ಲಿ ಅಂದುಕೊಂಡದ್ದನ್ನು ಅವಳು ಅಕ್ಷರ ಬಿಡದೆ ಹೇಳುತ್ತಿದ್ದಳು. ಕೇಳುತ್ತ ಕೇಳುತ್ತ ನನಗೆ ಅವಳ ಮೇಲೆ ಎಲ್ಲಿಲ್ಲದ ಸಿಟ್ಟು ಬಂತು.

"ಸುಮ್ಕಿರೇ, ಕಂಡಿದೀನಿ" ಎಂದು ಇಲ್ಲಿಯ ಕನ್ನಡದಲ್ಲೇ ಅಂದುಬಿಟ್ಟೆ. "ಎಲೆ ಮೇಲೆ ಒಂದು ಚೂರೂ ಬಿಟ್ಟಿಲ್ಲ ನಮ್ಮೋರು."

ಆ ಕಡೆಯಿಂದ ಲಿಲ್ಲಿ, "ನಿಮ್ಮೋರು ಅಂದ್ರೆ ಯಾರು?" ಎಂದು ಮೆಲ್ಲಗೆ ಕೇಳಿದಳು.

ನನಗೆ ಅಳು ಬಂತು. ಫೋನ್ ಇಟ್ಟೆ.