ಹೊಸ ಸ್ಪ್ರಾಕೆಟ್ಟೂ ಸುರಪುರದ ಏರೂ

ಗೆಳೆಯರೇ, ಗಾಡಿ ಜೋರು ಓಡಲೆಂದು ಚೈನು ಸುತ್ತುವ ಮುಂದಿನ ಹಲ್ಲಿನ ಚಕ್ರ, ಅಂದರೆ ಸ್ಪ್ರಾಕೆಟ್, ತೆಗೆಸಿ ದೊಡ್ಡದು ಹಾಕಿಸಬೇಡಿ. ಹಾಕಿಸಿದರೂ, ಮೊಣಕಾಲು ನೋವಿನ ಅವ್ವನನ್ನು ಹಿಂದೆ ಕೂರಿಸಿಕೊಂಡು ಸುರಪುರಕ್ಕೆ ಹೋಗಬೇಡಿ.

"ಓಟ ಜೋರಾಗ್ತದ್ರಿ, ಆದ್ರ ಏರಿನ್ಯಾಗ ಎಳೆಂಗಿಲ್ರಿ" ಎಂದು ಮೆಕ್ಯಾನಿಕ್ ಬೆಳಿಗ್ಗೆಯೇ ಹೇಳಿದ್ದ.

"ನಮ್ಮ ವಡಗೇರಾದಾಗ ಏರು ಎಲ್ಲ್ಯದಪ್ಪ?" ಎಂದು ನಕ್ಕಿದ್ದೆ. ಅಕ್ಕನ ಮನೆ ಸುರಪುರದ ಗುಡ್ಡದ ಓಣಿಯಲ್ಲಿರುವುದು ನೆನಪಾಗಲೇ ಇಲ್ಲ.

ಅವತ್ತೇ ಅವ್ವನನ್ನು ಕೂರಿಸಿಕೊಂಡು ಅಲ್ಲಿಗೆ ಹೊರಟೆ; ಅರ್ಧ ಏರಿನಲ್ಲಿ ಗಾಡಿ ಬಂದ್ ಬಿತ್ತು. ಅವ್ವ ಇಳಿದು, ಗೋಡೆ ಹಿಡಿದುಕೊಂಡು ಕುಂಟುತ್ತಾ ಹತ್ತತೊಡಗಿದಳು. "ನೀ ಸಾವಕಾಶ ಬಾರಪ್ಪ, ನಾ ಮುಂದ ಹೋಗಿ ಚಾಕ್ಕ ಇಡಾಕ ಹೇಳ್ತೀನಿ" ಎಂದಳು. ಬೈದಿದ್ದರೇ ಚೆನ್ನಾಗಿತ್ತು.

ಸಂಜೆ ಎಷ್ಟು ಕರೆದರೂ "ನಾ ಬಸ್ಸಿಗಿ ಬರ್ತೀನೊ" ಎಂದುಬಿಟ್ಟಳು.

ವಾಪಸು ಬರುವಾಗ ಗಾಡಿ ಬಾಣದ ಹಾಗೆ ಓಡಿತು. ಹಿಂದಿನ ಸೀಟು ಖಾಲಿ ಇತ್ತಲ್ಲ.